ಕೆಂಪು ರೆಕ್ಕೆ, ನೀಲಿ ಶನಿವಾರ: ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಿರಾಜಪೇಟೆ ಕಡೆಯವನು. 2001ರಿಂದ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್‌ಗೆ ಹತ್ತಿರದ ಊರೊಂದರಲ್ಲಿ ವಾಸ. ಶರತ್ಕಾಲದ ಶನಿವಾರಗಳು ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್) ತಂಡಕ್ಕೆ ಮೀಸಲು, ಚಳಿಗಾಲದ ಸಂಜೆಗಳು ಡೆಟ್ರಾಯಿಟ್ ರೆಡ್ ವಿಂಗ್ಸ್ ಐಸ್ ಹಾಕಿ ತಂಡಕ್ಕೆ. ಊರಿಗೆ ಹೋದಾಗ ನೆಂಟರು, ಇಲ್ಲಿಗೆ ಹೊಸದಾಗಿ ಬಂದ ಕನ್ನಡಿಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವಕ್ಕೆ ನನ್ನ ಉತ್ತರಗಳು ಇಲ್ಲಿವೆ.

ಕ್ರಿಕೆಟ್ ನೋಡಿ ಬೆಳೆದವರಿಗೆ ಐಸ್ ಹಾಕಿಯ ಗೀಳು ಹೇಗೆ ಹತ್ತಿತು?

ಕ್ರಿಕೆಟ್ ನೋಡಿ ಬೆಳೆದದ್ದು ನಿಜ. ಆದರೆ ಕೊಡಗಿನಲ್ಲಿ ಬೆಳೆದವನಿಗೆ ಹಾಕಿ ಹೊರಗಿನ ಆಟವಲ್ಲ. ಅಪ್ಪ ಸರ್ಕಾರಿ ಶಾಲೆಯ ಮೇಷ್ಟ್ರು. ನಾವು ಕೊಡವರಲ್ಲ, ನಮಗೆ ಒಕ್ಕದ, ಅಂದರೆ ಮನೆತನದ, ತಂಡವಿರಲಿಲ್ಲ. ಆದರೂ 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವೆ ಮೊದಲ ಹಾಕಿ ಪಂದ್ಯಾವಳಿ ಏರ್ಪಡಿಸಿದಾಗ ಗೆಳೆಯನ ಸ್ಕೂಟರಿನ ಹಿಂದೆ ಕೂತು ನೋಡಲು ಹೋಗಿದ್ದೆ. ಅರವತ್ತು ಕುಟುಂಬಗಳು, ತಂಡಕ್ಕೆ ಮನೆತನದ್ದೇ ಹೆಸರು. ಗೋಲಿನ ಹಿಂದೆ ನಿಂತಿದ್ದ ಅಜ್ಜ ಒಬ್ಬರು ಚೆಂಡು ಬಿಟ್ಟ ಮೊಮ್ಮಗನಿಗೆ ಬೈದು, ಅವನೇ ಮುಂದಿನ ಚೆಂಡನ್ನು ತಡೆದಾಗ ಕಣ್ಣೊರೆಸಿಕೊಂಡಿದ್ದು ಇನ್ನೂ ನೆನಪಿದೆ. 2024ರಲ್ಲಿ ನಾಪೋಕ್ಲಿನಲ್ಲಿ ಅದೇ ಹಬ್ಬದಲ್ಲಿ 360 ಕುಟುಂಬಗಳು ಆಡಿದವು.

ಅದೇ 1997ರ ಜೂನ್ 7ರಂದು ರೆಡ್ ವಿಂಗ್ಸ್ 42 ವರ್ಷಗಳ ನಂತರ ಐಸ್ ಹಾಕಿಯ ಅತಿ ದೊಡ್ಡ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದಿತ್ತು. ಅದೇ ವರ್ಷ ಮಿಷಿಗನ್ ಫುಟ್‌ಬಾಲ್ ತಂಡ ಆಡಿದ ಹನ್ನೆರಡೂ ಪಂದ್ಯ ಗೆದ್ದು ನೆಬ್ರಾಸ್ಕಾ ಜೊತೆ ರಾಷ್ಟ್ರೀಯ ಪ್ರಶಸ್ತಿ ಹಂಚಿಕೊಂಡಿತ್ತು. ಆಗ ನನಗೆ ಈ ಎರಡು ತಂಡಗಳ ಹೆಸರೂ ಗೊತ್ತಿರಲಿಲ್ಲ. ಇಲ್ಲಿಗೆ ಬಂದ ಮೊದಲ ವರ್ಷ, 2002ರ ಮೇ 31ರ ರಾತ್ರಿ, ಸಹೋದ್ಯೋಗಿಯೊಬ್ಬರು ತಮ್ಮ ಮನೆಯ ನೆಲಮಾಳಿಗೆಗೆ ಪಂದ್ಯ ನೋಡಲು ಕರೆದರು. ಕೊಲರಾಡೊ ವಿರುದ್ಧದ ಸರಣಿಯ ನಿರ್ಣಾಯಕ ಏಳನೆಯ ಪಂದ್ಯ. ಡೆಟ್ರಾಯಿಟ್ 7–0ರಿಂದ ಗೆದ್ದಿತು. ಜಗತ್ತಿನ ಶ್ರೇಷ್ಠ ಗೋಲ್‌ಕೀಪರ್‌ಗಳಲ್ಲಿ ಒಬ್ಬರಾದ ಪ್ಯಾಟ್ರಿಕ್ ರುವಾ ಆರು ಗೋಲು ಬಿಟ್ಟು ಮೈದಾನದಿಂದ ಹೊರಬಿದ್ದರು. ಆ ಮನೆಯ ಅಜ್ಜ ಸೋಫಾದ ತುದಿಯಲ್ಲಿ ಕೂತು ಒಬ್ಬೊಬ್ಬ ಆಟಗಾರನನ್ನೂ ಮನೆಯ ಹುಡುಗನಂತೆ ಬೈಯುತ್ತ, ಹೊಗಳುತ್ತ ಇದ್ದರು. ಕರಡದ ಅಜ್ಜನೇ ಇಲ್ಲಿ ಬಂದು ಕೂತಂತಿತ್ತು. ನನ್ನ ತೀರ್ಮಾನ ಅಲ್ಲಿಯೇ ಆಯಿತು.

ಐಸ್ ಹಾಕಿ ನಮ್ಮ ಹಾಕಿಯೇ ಅಲ್ಲವೇ?

ಕೋಲು ಒಂದು, ಗೋಲು ಒಂದು ಎಂಬಷ್ಟೇ ಹೋಲಿಕೆ. ಒಂದು ಕಡೆ ಗೋಲ್‌ಕೀಪರ್ ಸೇರಿ ಆರು ಜನ. ಇಪ್ಪತ್ತು ನಿಮಿಷದ ಮೂರು ಅವಧಿ. ಚೆಂಡಿನ ಬದಲು ಪಕ್ ಎನ್ನುವ ಗಟ್ಟಿ ರಬ್ಬರಿನ ಬಿಲ್ಲೆ: ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ, ಹೆಚ್ಚೆಂದರೆ 170 ಗ್ರಾಂ. ಪುಟಿಯದಿರಲೆಂದು ಅದನ್ನು ಆಟಕ್ಕೆ ಮೊದಲು ಫ್ರೀಜರಿನಲ್ಲಿಟ್ಟಿರುತ್ತಾರೆ. ಆಟಗಾರರು ಮುಕ್ಕಾಲು ನಿಮಿಷ ಪ್ರಾಣ ಬಿಟ್ಟು ಸ್ಕೇಟ್ ಮಾಡಿ ಬೆಂಚಿಗೆ ಹಾರುತ್ತಾರೆ. ಆಟ ನಿಲ್ಲದೆಯೇ ಇನ್ನೊಂದು ಗುಂಪು ಇಳಿಯುತ್ತದೆ.

ಟಿವಿಯಲ್ಲಿ ಮೊದಲು ಪಕ್ ಕಾಣುವುದಿಲ್ಲ. ಅದಕ್ಕೆ ಬೇಸರ ಬೇಡ. ಪಕ್ಕನ್ನಲ್ಲ, ಆಟಗಾರರ ಭುಜ ತಿರುಗುವ ದಿಕ್ಕನ್ನು ನೋಡಿ. ನಾಲ್ಕನೆಯ ಪಂದ್ಯದ ಹೊತ್ತಿಗೆ ಕಣ್ಣು ಪಳಗುತ್ತದೆ. ಟಿವಿ ಎಂದೂ ತಲುಪಿಸಲಾರದ್ದು ಶಬ್ದ. ಗಾಜಿನ ಪಕ್ಕದ ಸಾಲಿನಲ್ಲಿ ಒಮ್ಮೆ ಕೂತು ನೋಡಿ: ಓಡುತ್ತಿದ್ದವನು ತಟ್ಟನೆ ನಿಂತಾಗ ಸ್ಕೇಟಿನ ಅಲಗು ಮಂಜುಗಡ್ಡೆಯನ್ನು ಕೆರೆಯುವ ಸದ್ದು ತೆಂಗಿನಕಾಯಿ ತುರಿಯುವ ಈಳಿಗೆಯ ಸದ್ದಿನಂತೆಯೇ ಇರುತ್ತದೆ, ಬಿಳಿಯ ಪುಡಿಯೂ ಹಾಗೆಯೇ ಹಾರುತ್ತದೆ.

ಬೇರೆ ಎಷ್ಟೋ ತಂಡಗಳಿರುವಾಗ ರೆಡ್ ವಿಂಗ್ಸ್ ಏಕೆ?

ನಾನಿರುವ ಊರಿನ ತಂಡ ಅದು, ಅದಕ್ಕೆ. ಗೆಲ್ಲುವವರ ಹಿಂದೆ ಹೋಗುವುದು ಅಭಿಮಾನವಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಆದರೆ ಹೆಮ್ಮೆಪಡಲು ಕಾರಣಗಳೂ ಬೇಕಾದಷ್ಟಿವೆ. 1926ರಲ್ಲಿ ಶುರುವಾದ ತಂಡ. ಹನ್ನೊಂದು ಸ್ಟ್ಯಾನ್ಲಿ ಕಪ್, ಅಮೆರಿಕದ ಬೇರಾವ ತಂಡಕ್ಕೂ ಇಷ್ಟಿಲ್ಲ. ಗೋರ್ಡಿ ಹೋವ್ ಇಲ್ಲಿ ಇಪ್ಪತ್ತೈದು ಋತು ಆಡಿದರು. 1991ರಿಂದ 2016ರವರೆಗೆ ಸತತ ಇಪ್ಪತ್ತೈದು ಸಲ ತಂಡ ಪ್ಲೇಆಫ್ ತಲುಪಿತು.

ನನ್ನನ್ನು ಕಟ್ಟಿಹಾಕಿದ್ದು ಮಾತ್ರ ವ್ಲಾಡಿಮಿರ್ ಕೊನ್‌ಸ್ಟಾಂಟಿನೊವ್ ಕಥೆ. 1995ರಲ್ಲಿ ಕೋಚ್ ಸ್ಕಾಟಿ ಬೌಮನ್ ಐವರು ರಷ್ಯನ್ನರನ್ನು ಒಟ್ಟಿಗೆ ಇಳಿಸಿದರು: ಫೆಡೊರೊವ್, ಲಾರಿಯೊನೊವ್, ಕೊಜ್ಲೊವ್, ಫೆಟಿಸೊವ್, ಕೊನ್‌ಸ್ಟಾಂಟಿನೊವ್. ಕಾರಿನ ಕಾರ್ಖಾನೆಗಳ ಊರು, ಶೀತಲ ಸಮರದ ನೆನಪು ಇನ್ನೂ ಹಸಿ. ಆ ಊರು ಈ ಐವರನ್ನು ಮಡಿಲಿಗೆ ಹಾಕಿಕೊಂಡಿತು. 1997ರಲ್ಲಿ ಕಪ್ ಗೆದ್ದ ಆರನೆಯ ದಿನ ಕೊನ್‌ಸ್ಟಾಂಟಿನೊವ್ ಇದ್ದ ಲಿಮೊಸಿನ್ ಮರಕ್ಕೆ ಗುದ್ದಿತು. ಕೊನ್‌ಸ್ಟಾಂಟಿನೊವ್ ಮತ್ತು ತಂಡದ ಮಾಲೀಶುಗಾರ ಸೆರ್ಗೆಯ್ ಮ್ನಾತ್ಸಕಾನೊವ್ ಇಬ್ಬರ ಮಿದುಳಿಗೂ ತೀವ್ರ ಪೆಟ್ಟಾಯಿತು. ಮರುವರ್ಷ ವಾಷಿಂಗ್ಟನ್‌ನಲ್ಲಿ ತಂಡ ಮತ್ತೆ ಕಪ್ ಗೆದ್ದಾಗ ನಾಯಕ ಸ್ಟೀವ್ ಐಜರ್ಮನ್ ಅದನ್ನು ಒಯ್ದು, ಗಾಲಿಕುರ್ಚಿಯಲ್ಲಿ ಮಂಜಿನ ಮೇಲೆ ಬಂದಿದ್ದ ಕೊನ್‌ಸ್ಟಾಂಟಿನೊವ್ ಮಡಿಲಲ್ಲಿಟ್ಟರು. ಆ ದೃಶ್ಯವನ್ನು ನಾನು ನೂರು ಸಲವಾದರೂ ನೋಡಿದ್ದೇನೆ. ನನ್ನ ಮಗಳಿಗೂ ತೋರಿಸಿದ್ದೇನೆ.

ಮೈದಾನಕ್ಕೆ ಆಕ್ಟೋಪಸ್ ಎಸೆಯುತ್ತಾರಂತೆ, ನಿಜವೇ?

ನಿಜ. 1952ರ ಏಪ್ರಿಲ್ 15ರಂದು ಮೀನಂಗಡಿ ನಡೆಸುತ್ತಿದ್ದ ಕುಸಿಮಾನೊ ಸಹೋದರರು ಮೊದಲು ಎಸೆದರು. ಆಗ ಕಪ್ ಗೆಲ್ಲಲು ಎಂಟು ಗೆಲುವು ಸಾಕಿತ್ತು. ಎಂಟು ಕಾಲಿಗೆ ಎಂಟು ಗೆಲುವು ಎಂಬ ಲೆಕ್ಕ. ಆ ವರ್ಷ ತಂಡ ಎಂಟಕ್ಕೆ ಎಂಟನ್ನೂ ಗೆದ್ದಿತು. ಈಗ ಹದಿನಾರು ಗೆಲುವು ಬೇಕು, ಪದ್ಧತಿ ಉಳಿದಿದೆ. ನಮ್ಮದು ಸಸ್ಯಾಹಾರಿ ಮನೆ. ಅಮ್ಮ ಇಲ್ಲಿಗೆ ಬಂದಿದ್ದಾಗ ಟಿವಿಯಲ್ಲಿ ಅದನ್ನು ಕಂಡು ತುಂಬ ನೊಂದುಕೊಂಡರು. ಅವರ ನೋವು ನನಗೆ ಅರ್ಥವಾಗುತ್ತದೆ. ನಾನು ಎಸೆದಿಲ್ಲ, ಎಸೆಯುವುದೂ ಇಲ್ಲ.

ಹಾಕಿಯಲ್ಲಿ ಹೊಡೆದಾಟಕ್ಕೆ ಏಕೆ ಅವಕಾಶ? ನಿಮಗೆ ಅದು ಇಷ್ಟವೇ?

ಅವಕಾಶ ಎನ್ನುವುದಕ್ಕಿಂತ ಅಗ್ಗದ ಶಿಕ್ಷೆ ಎನ್ನಬೇಕು. ಕೈಗವಸು ಬಿಸುಟು ಗುದ್ದಾಡಿದವರಿಗೆ ಐದು ನಿಮಿಷ ಹೊರಗೆ ಕೂರುವ ದಂಡ, ಅಷ್ಟೇ. ಮೊದಲ ಕೆಲವು ವರ್ಷ ನಾನೂ ಎದ್ದು ನಿಂತು ಕೂಗಿದವನೇ. ಈಗ ಕೂಗುವುದಿಲ್ಲ.

ಕಾರಣ ಬಾಬ್ ಪ್ರೋಬರ್ಟ್. ಡೆಟ್ರಾಯಿಟ್ ಜನ ಆತನನ್ನು ಪ್ರೀತಿಸಿದಂತೆ ಬೇರೆ ಯಾವ ಹೊಡೆದಾಟಗಾರನನ್ನೂ ಪ್ರೀತಿಸಲಿಲ್ಲ. 2010ರಲ್ಲಿ, ಕೇವಲ 45ರ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡರು. ಅವರ ಮಿದುಳನ್ನು ಪರೀಕ್ಷಿಸಿದ ಬಾಸ್ಟನ್ ವಿಶ್ವವಿದ್ಯಾಲಯದ ವೈದ್ಯರು ಪದೇ ಪದೇ ತಲೆಗೆ ಪೆಟ್ಟು ಬಿದ್ದವರಲ್ಲಿ ಕಾಣುವ ಸಿಟಿಇ ಎಂಬ ಕಾಯಿಲೆಯನ್ನು ಕಂಡರು. ನಾವು ಚಪ್ಪಾಳೆ ತಟ್ಟಿದ ಗುದ್ದುಗಳ ಲೆಕ್ಕ ಅಲ್ಲಿತ್ತು. ಭುಜಕ್ಕೆ ಭುಜ ಕೊಟ್ಟು ಗೋಡೆಗೊತ್ತುವುದು ಆಟದ ಅಂಗ, ಇರಲಿ. ಗುದ್ದಾಟಕ್ಕೆ ಪಂದ್ಯದಿಂದಲೇ ಹೊರಹಾಕಬೇಕು. ಅಮೆರಿಕದ ಕಾಲೇಜು ಹಾಕಿಯಲ್ಲಿ ಹಾಗೆಯೇ ಮಾಡುತ್ತಾರೆ. ಆಟದ ಸೊಬಗು ಎಳ್ಳಷ್ಟೂ ಕುಂದಿಲ್ಲ.

ರೆಡ್ ವಿಂಗ್ಸ್ ಆಡುವ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಒಂದು ನಿಯಮ ಬದಲಿಸಬಹುದಾದರೆ?

ಅಂಕಗಳ ಲೆಕ್ಕ. ಈಗ ಗೆದ್ದವರಿಗೆ ಎರಡು ಅಂಕ. ಓವರ್‌ಟೈಮ್ ಅಥವಾ ಶೂಟೌಟ್‌ನಲ್ಲಿ ಸೋತವರಿಗೂ ಒಂದು. ಅಂದರೆ ಕೆಲವು ಪಂದ್ಯಗಳಿಗೆ ಎರಡು ಅಂಕದ ಬೆಲೆ, ಕೆಲವಕ್ಕೆ ಮೂರು. ಮೂರನೆಯ ಅವಧಿಯ ಕೊನೆಯಲ್ಲಿ ಸಮಬಲವಿದ್ದರೆ ಎರಡೂ ತಂಡಗಳು ಆ ಒಂದು ಅಂಕವನ್ನು ಜೇಬಿಗಿಳಿಸಿಕೊಳ್ಳಲು ಜಾಗರೂಕವಾಗಿ ಆಡತೊಡಗುತ್ತವೆ. ಅರವತ್ತು ನಿಮಿಷದಲ್ಲಿ ಗೆದ್ದರೆ ಮೂರು, ತಡವಾಗಿ ಗೆದ್ದರೆ ಎರಡು, ತಡವಾಗಿ ಸೋತರೆ ಒಂದು ಎಂಬುದು ಅಂತರರಾಷ್ಟ್ರೀಯ ಪಂದ್ಯಗಳ ಪದ್ಧತಿ. ಅದು ನ್ಯಾಯ.

ಶೂಟೌಟ್ ಅಂತೂ ನನಗೆ ಬೇಡವೇ ಬೇಡ. 2005ರಲ್ಲಿ ತಂದರು. ತಂಡದ ಆಟವನ್ನು ಒಬ್ಬ ಹೊಡೆಯುವ, ಒಬ್ಬ ತಡೆಯುವ ಆಟವಾಗಿ ಮುಗಿಸುವುದು ತಪ್ಪು. ಪುಣ್ಯಕ್ಕೆ ಪ್ಲೇಆಫ್‌ಗೆ ಅದು ಕಾಲಿಟ್ಟಿಲ್ಲ; ಅಲ್ಲಿ ಗೋಲಾಗುವವರೆಗೂ ಆಟ. 1936ರ ಮಾರ್ಚ್‌ನಲ್ಲಿ ರೆಡ್ ವಿಂಗ್ಸ್ ಮತ್ತು ಮಾಂಟ್ರಿಯಲ್ ಮರೂನ್ಸ್ ಆರನೆಯ ಓವರ್‌ಟೈಮ್‌ವರೆಗೂ ಆಡಿದವು. 116 ನಿಮಿಷ 30 ಸೆಕೆಂಡಿನ ಹೆಚ್ಚುವರಿ ಆಟದ ನಂತರ ಮಡ್ ಬ್ರುನೆಟೊ ಎಂಬ ಹೊಸ ಹುಡುಗ ಪಂದ್ಯದ ಏಕೈಕ ಗೋಲು ಹೊಡೆದ. ಇಂದಿಗೂ ಎನ್‌ಎಚ್‌ಎಲ್‌ನ ಅತಿ ದೀರ್ಘ ಪಂದ್ಯ ಅದೇ. ಬಳಲಿಕೆಯೂ ಆಟದ ಭಾಗವೇ, ಅದನ್ನು ಕತ್ತರಿಸಬಾರದು.

ನಿಮ್ಮ ತಂಡ ಈಗ ಏಕೆ ಸೋಲುತ್ತಿದೆ?

2016ರ ನಂತರ 2025ರವರೆಗೆ ಒಮ್ಮೆಯೂ ಪ್ಲೇಆಫ್ ಕಂಡಿಲ್ಲ. 2019ರಿಂದ ಐಜರ್ಮನ್ ಅವರೇ ತಂಡದ ವ್ಯವಸ್ಥಾಪಕರು. ಎಳೆಯರನ್ನು ಬೆಳೆಸುವ ಅವರ ದಾರಿ ಸರಿ, ಆದರೆ ಹೊರಗಿನಿಂದ ತಂದ ವಯಸ್ಸಾದ ಆಟಗಾರರಿಗೆ ದೀರ್ಘ ಒಪ್ಪಂದ ಕೊಟ್ಟದ್ದು ತಪ್ಪು ಎಂದು ನನ್ನ ಅಭಿಪ್ರಾಯ. ನಾಯಕ ಡಿಲನ್ ಲಾರ್ಕಿನ್ ಇದೇ ರಾಜ್ಯದ ವಾಟರ್‌ಫರ್ಡ್‌ನವರು, ಮಿಷಿಗನ್ ವಿಶ್ವವಿದ್ಯಾಲಯಕ್ಕೂ ಆಡಿದವರು. ಆತ ಕಪ್ ಎತ್ತುವುದನ್ನು ನೋಡಬೇಕೆಂಬ ಆಸೆ ನನಗೆ ಬಹಳ ಇದೆ.

ಕಾಲೇಜು ಹುಡುಗರ ಆಟ ನೋಡಲು ಲಕ್ಷ ಜನ ಬರುತ್ತಾರೆಯೇ?

ಬರುತ್ತಾರೆ. ಆನ್ ಆರ್ಬರ್‌ನ ಮಿಷಿಗನ್ ಕ್ರೀಡಾಂಗಣದಲ್ಲಿ 1,07,601 ಆಸನಗಳಿವೆ, ಅಮೆರಿಕದಲ್ಲೇ ದೊಡ್ಡದು. 1927ರಲ್ಲಿ ಕಟ್ಟಿದ್ದು. 2013ರಲ್ಲಿ ನೋಟ್ರ ಡೇಮ್ ವಿರುದ್ಧದ ರಾತ್ರಿ ಪಂದ್ಯಕ್ಕೆ 1,15,109 ಜನ ಸೇರಿದ್ದರು. ಹೊರಗಿನಿಂದ ನೋಡಿದರೆ ಅಷ್ಟು ದೊಡ್ಡದೆನಿಸುವುದಿಲ್ಲ, ಏಕೆಂದರೆ ಬಹುಭಾಗ ನೆಲದ ಮಟ್ಟಕ್ಕಿಂತ ಕೆಳಗಿದೆ. ಬಾಗಿಲು ದಾಟಿದೊಡನೆ ಬಾವಿಯ ಕಟ್ಟೆಯ ಮೇಲೆ ನಿಂತಂತೆ ಕಾಲ ಕೆಳಗೆ ಇಡೀ ಲೋಕ ತೆರೆದುಕೊಳ್ಳುತ್ತದೆ.

ವೃತ್ತಿಪರ ಫುಟ್‌ಬಾಲ್‌ಗಿಂತ ಇದು ನನಗೆ ಹೆಚ್ಚು ಆಪ್ತ. ಪಕ್ಕದಲ್ಲಿ ಕೂತ ಎಪ್ಪತ್ತರ ಮುದುಕಿ ಇಲ್ಲಿಯೇ ಓದಿದವಳು, ಹಿಂದಿನ ಸಾಲಿನ ಹುಡುಗ ಈಗ ಓದುತ್ತಿರುವವನು, ನನ್ನ ಮಗಳು ಮುಂದೆ ಓದಬೇಕೆಂದುಕೊಂಡವಳು. ನಾನು ಅಲ್ಲಿ ಓದಿಲ್ಲ. ಇಷ್ಟು ವರ್ಷಗಳಲ್ಲಿ ಒಬ್ಬರೂ ಅದನ್ನು ಕೇಳಿಲ್ಲ.

ಆ ಆಟ ಅರ್ಥವೇ ಆಗುವುದಿಲ್ಲವಲ್ಲ?

ಕಬಡ್ಡಿ ಗೊತ್ತಿದ್ದರೆ ಅರ್ಧ ಗೊತ್ತಿದ್ದಂತೆ. ಎಲ್ಲವೂ ಗೆರೆಯ ಲೆಕ್ಕ. ಹನ್ನೊಂದು ಜನಕ್ಕೆ ನಾಲ್ಕು ಪ್ರಯತ್ನ, ಅಷ್ಟರಲ್ಲಿ ಚೆಂಡು ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ. ಹೋಗದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ, ಕಂಬಗಳ ನಡುವೆ ಒದ್ದರೆ ಮೂರು. ಇಷ್ಟು ಸಾಕು, ಉಳಿದದ್ದು ಪಕ್ಕದವರನ್ನು ಕೇಳಿದರೆ ಸಂತೋಷದಿಂದ ಹೇಳುತ್ತಾರೆ.

ಒಹಾಯೊ ಸ್ಟೇಟ್ ಎಂದರೆ ಅಷ್ಟೇಕೆ ಹಗೆ?

ಹಗೆ ಎಂಬ ಮಾತು ಅರ್ಧ ಸತ್ಯ. ಪಕ್ಕದ ಒಹಾಯೊ ರಾಜ್ಯದ ವಿಶ್ವವಿದ್ಯಾಲಯ, 1897ರಿಂದ ನಡೆದ ಸ್ಪರ್ಧೆ, ಈಗ ನವೆಂಬರಿನ ಕೊನೆಯ ಶನಿವಾರ. ಇಲ್ಲಿ ಅದನ್ನು ಬರೀ ‘ದಿ ಗೇಮ್’ ಎನ್ನುತ್ತಾರೆ, ಬೇರೆ ಹೆಸರು ಬೇಕಿಲ್ಲ. 1969ರಲ್ಲಿ ಮಿಷಿಗನ್ ಕೋಚ್ ಆಗಿ ಬಂದ ಬೋ ಶೆಂಬೆಕ್ಲರ್ ಹುಟ್ಟಿದ್ದೇ ಒಹಾಯೊದಲ್ಲಿ. ಒಹಾಯೊ ಸ್ಟೇಟ್‌ನ ವುಡಿ ಹೇಯ್ಸ್ ಕೈಕೆಳಗೆ ಕೆಲಸ ಮಾಡಿದ್ದವರು. ಮೊದಲ ವರ್ಷವೇ ಗುರುವಿನ ಅಜೇಯ ತಂಡವನ್ನು 24–12ರಿಂದ ಸೋಲಿಸಿದರು. ಮುಂದೆ ಹತ್ತು ವರ್ಷ ಗುರುಶಿಷ್ಯರ ಯುದ್ಧ.

2006ರಲ್ಲಿ ಎರಡೂ ತಂಡ ಒಂದೂ ಪಂದ್ಯ ಸೋಲದೆ, ದೇಶದ ಒಂದು ಮತ್ತು ಎರಡನೆಯ ಸ್ಥಾನದಲ್ಲಿದ್ದು ಎದುರಾದವು. ಪಂದ್ಯದ ಹಿಂದಿನ ದಿನ, ನವೆಂಬರ್ 17ರ ಶುಕ್ರವಾರ, ಬೋ ತೀರಿಕೊಂಡರು. ನನಗೆ ಸುದ್ದಿ ತಿಳಿದದ್ದು ಕಚೇರಿಯ ಊಟದ ಕೋಣೆಯಲ್ಲಿ. ಜೋರಾಗಿ ಮಾತಾಡುತ್ತಿದ್ದ ಮೇಜುಗಳು ಒಂದೊಂದಾಗಿ ಸುಮ್ಮನಾದವು. ನಮ್ಮ ವಿಭಾಗದಲ್ಲಿದ್ದ ಒಬ್ಬನೇ ಒಬ್ಬ ಒಹಾಯೊ ಅಭಿಮಾನಿ ಎದ್ದು ಬಂದು ಪ್ರತಿ ಮೇಜಿನಲ್ಲೂ ಕೈಕುಲುಕಿದ, ಸಾವಿನ ಮನೆಯಲ್ಲಿ ಮಾಡುವಂತೆ. ಮರುದಿನ ಒಹಾಯೊ ಸ್ಟೇಟ್‌ನ ಊರಾದ ಕೊಲಂಬಸ್‌ನ ಕ್ರೀಡಾಂಗಣ ಅವರಿಗಾಗಿ ಮೌನ ಆಚರಿಸಿತು. ನಾವು 42–39ರಿಂದ ಸೋತೆವು. ಇದನ್ನು ಹಗೆ ಎಂದು ಹೇಗೆ ಕರೆಯಲಿ?

ಗೆಲುವಿನ ನೆನಪು ಬೇಕೆಂದರೆ 2021: ಹಿಮದ ಹನಿಗಳ ನಡುವೆ ಹಸನ್ ಹ್ಯಾಸ್ಕಿನ್ಸ್ ಐದು ಟಚ್‌ಡೌನ್, 42–27. ಒಹಾಯೊ ಸ್ಟೇಟ್ ವಿರುದ್ಧ ಸತತ ಎಂಟು ಸೋಲುಗಳ ನಂತರ ಬಂದ ಗೆಲುವು.

ಮರೆಯಲಾಗದ ಸೋಲು?

2015ರ ಅಕ್ಟೋಬರ್ 17, ನಮ್ಮದೇ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯವಾದ ಮಿಷಿಗನ್ ಸ್ಟೇಟ್ ವಿರುದ್ಧ. ಹತ್ತು ಸೆಕೆಂಡ್ ಉಳಿದಿತ್ತು, 23–21ರಿಂದ ಮುಂದಿದ್ದೆವು. ಚೆಂಡನ್ನು ದೂರಕ್ಕೆ ಒದ್ದರೆ ಮುಗಿಯಿತು. ಮಗಳ ಟೋಪಿ ಸರಿಮಾಡಲು ಬಗ್ಗಿದ್ದೆ. ಲಕ್ಷ ಜನ ಒಟ್ಟಿಗೆ ಉಸಿರೆಳೆದುಕೊಂಡ ಸದ್ದು ಕೇಳಿ ತಲೆಯೆತ್ತಿದಾಗ ಚೆಂಡು ಒದೆಯುವವನ ಕೈಜಾರಿ ಎದುರಾಳಿಯ ಕೈಯಲ್ಲಿತ್ತು. ಅವನು ಕೊನೆಯ ಗೆರೆಯತ್ತ ಓಡುತ್ತಿದ್ದ. 27–23. ಆ ರಾತ್ರಿ ಚೆಂಡು ಕೈಜಾರಿದ ಹುಡುಗನಿಗೆ ಕೆಲವರು ಕೆಟ್ಟ ಸಂದೇಶಗಳನ್ನು ಕಳಿಸಿದರು. ಅವರನ್ನು ನಾನು ಅಭಿಮಾನಿಗಳೆಂದು ಒಪ್ಪುವುದಿಲ್ಲ.

ಕಾಲೇಜು ಫುಟ್‌ಬಾಲ್‌ನಲ್ಲಿ ಹನ್ನೆರಡು ತಂಡಗಳ ಪ್ಲೇಆಫ್ ಒಳ್ಳೆಯದಲ್ಲವೇ?

2024ರಲ್ಲಿ ನಾಲ್ಕರಿಂದ ಹನ್ನೆರಡಕ್ಕೆ ಏರಿಸಿದರು. ಸಣ್ಣ ತಂಡಗಳಿಗೆ ಬಾಗಿಲು ತೆರೆಯಿತು, ಮೊದಲ ಸುತ್ತು ತಂಡಗಳ ಸ್ವಂತ ಅಂಗಳದಲ್ಲಿ ನಡೆಯಿತು, ಅದೆಲ್ಲ ಒಳ್ಳೆಯದೇ. ಆದರೆ ಅದೇ ನವೆಂಬರಿನಲ್ಲಿ ನಮ್ಮ ತಂಡ, ಯಾರ ಲೆಕ್ಕದಲ್ಲೂ ಇಲ್ಲದ ತಂಡ, ಕೊಲಂಬಸ್‌ಗೆ ಹೋಗಿ ಒಹಾಯೊ ಸ್ಟೇಟನ್ನು 13–10ರಿಂದ ಸೋಲಿಸಿತು. ಎರಡು ತಿಂಗಳೊಳಗೆ ಅದೇ ಒಹಾಯೊ ಸ್ಟೇಟ್ ರಾಷ್ಟ್ರೀಯ ಚಾಂಪಿಯನ್. ಅವರು ನ್ಯಾಯವಾಗಿಯೇ ಗೆದ್ದರು, ಚೆನ್ನಾಗಿ ಆಡಿದರು. ಆದರೆ ನವೆಂಬರಿನ ಆ ಶನಿವಾರ ಸೋತವರ ವರ್ಷವೇ ಮುಗಿಯುತ್ತದೆ ಎಂಬ ಭಯದಲ್ಲಿ ಈ ಆಟದ ಜೀವವಿತ್ತು. ಎಂಟು ತಂಡಗಳು ಸಾಕು ಎನ್ನುವವನು ನಾನು. ಇನ್ನೂ ಹೆಚ್ಚಿಸುವ ಮಾತು ಕೇಳಿದಾಗಲೆಲ್ಲ ನೋವಾಗುತ್ತದೆ.

ವಿದ್ಯಾರ್ಥಿಗಳಿಗೆ ಹಣ ಕೊಡುವುದು ಸರಿಯೇ?

ಸರಿ. ಮೊದಲೇ ಕೊಡಬೇಕಿತ್ತು. ಕೋಚ್‌ಗಳಿಗೆ ಕೋಟಿಗಟ್ಟಲೆ, ಟಿವಿ ವಾಹಿನಿಗಳಿಗೆ ಅದಕ್ಕೂ ಹೆಚ್ಚು. ಮೊಣಕಾಲು ಮುರಿದುಕೊಳ್ಳುವ ಹುಡುಗನಿಗೆ ಬರೀ ಶುಲ್ಕ ಮತ್ತು ಊಟ, ಇದು ಎಷ್ಟೋ ದಶಕ ನಡೆಯಿತು. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಿತ್ರದಿಂದ ಸಂಪಾದಿಸಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು; ಮೊದಲ ವರ್ಷದ ಮಿತಿ ಒಂದು ವಿಶ್ವವಿದ್ಯಾಲಯಕ್ಕೆ ಸುಮಾರು 2.05 ಕೋಟಿ ಡಾಲರ್.

ಆಟಗಾರರು ವರ್ಷಕ್ಕೊಂದು ಕಾಲೇಜು ಬದಲಿಸುವುದು ನನಗೂ ಸಂಕಟವೇ. ಆದರೆ 2023ರ ಪ್ರಶಸ್ತಿ ಗೆದ್ದ ತಿಂಗಳೊಳಗೆ ನಮ್ಮ ಕೋಚ್ ಜಿಮ್ ಹಾರ್ಬಾ ಲಾಸ್ ಏಂಜಲೀಸ್ ಚಾರ್ಜರ್ಸ್ ತಂಡಕ್ಕೆ ಹೋದರು. ಕೋಚ್ ಹೋಗಬಹುದು, ಹುಡುಗ ಹೋಗಬಾರದು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆ 2023ರ ಪ್ರಶಸ್ತಿಗೆ ಕಳಂಕವಿದೆಯಲ್ಲ?

ಇದೆ, ಮುಚ್ಚಿಡುವುದಿಲ್ಲ. ಎದುರಾಳಿ ಕೋಚ್‌ಗಳು ತಮ್ಮ ಆಟಗಾರರಿಗೆ ತೋರಿಸುವ ಸಂಜ್ಞೆಗಳನ್ನು ಕದಿಯಲು ನಮ್ಮ ಸಿಬ್ಬಂದಿಯೊಬ್ಬರು ಮುಂಚಿತವಾಗಿ ಅವರ ಪಂದ್ಯಗಳಿಗೆ ಜನರನ್ನು ಕಳಿಸಿದ್ದರು, ಅದು ನಿಯಮಬಾಹಿರ. ಹಾರ್ಬಾ ಕೊನೆಯ ಮೂರು ಲೀಗ್ ಪಂದ್ಯಗಳಿಗೆ ಅಮಾನತಾದರು, 2025ರಲ್ಲಿ ವಿಶ್ವವಿದ್ಯಾಲಯಕ್ಕೆ ಭಾರಿ ದಂಡ ಬಿತ್ತು. ದಂಡ ಸರಿಯಾಗಿಯೇ ಬಿತ್ತು. ವಿಷಯ ಬಯಲಾದ ಮೇಲೆ, ಎಲ್ಲರೂ ಸಂಜ್ಞೆ ಬದಲಿಸಿದ ಮೇಲೆ, ಆ ಹುಡುಗರು ಒಹಾಯೊ ಸ್ಟೇಟ್, ಅಲಬಾಮಾ, ವಾಷಿಂಗ್ಟನ್ ಮೂರನ್ನೂ ಸೋಲಿಸಿ 15–0ರಲ್ಲಿ ಮುಗಿಸಿದರು. ಎರಡೂ ಸತ್ಯ. ಎರಡನ್ನೂ ಒಟ್ಟಿಗೆ ಹೊತ್ತುಕೊಂಡೇ ನಾನು ಆ ವರ್ಷವನ್ನು ನೆನೆಯುತ್ತೇನೆ.

ಈಗಿನ ಬದಲಾವಣೆಗಳಲ್ಲಿ ನಿಮಗೆ ಅತಿ ಹೆಚ್ಚು ಸಿಟ್ಟು ತರಿಸಿದ್ದು?

ಪಶ್ಚಿಮ ಕರಾವಳಿಯ ಪ್ಯಾಕ್-12 ಒಕ್ಕೂಟವನ್ನು ಒಡೆದದ್ದು. 1896ರಲ್ಲಿ ಏಳು ನೆರೆಹೊರೆಯ ವಿಶ್ವವಿದ್ಯಾಲಯಗಳಿಂದ ಶುರುವಾದ ನಮ್ಮ ಒಕ್ಕೂಟ ಬಿಗ್ ಟೆನ್‌ನಲ್ಲಿ 2024ರಿಂದ ಹದಿನೆಂಟು ತಂಡಗಳು. ಕ್ಯಾಲಿಫೋರ್ನಿಯಾದಿಂದ ನ್ಯೂಜೆರ್ಸಿಯವರೆಗೆ ಒಂದು ಲೀಗ್! ಟಿವಿ ಹಣಕ್ಕಾಗಿ ಯುಎಸ್‌ಸಿ, ಯುಸಿಎಲ್‌ಎ, ಒರೆಗಾನ್, ವಾಷಿಂಗ್ಟನ್ ವಿಶ್ವವಿದ್ಯಾಲಯಗಳು ಆ ಒಕ್ಕೂಟ ಬಿಟ್ಟು ಇತ್ತ ಬಂದವು. ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಬೀದಿಗೆ ಬಿದ್ದವು. ನನ್ನ ತಂಡದ ಲೀಗಿಗೆ ಇದರಿಂದ ಲಾಭ, ಆದರೂ ಹೇಳುತ್ತೇನೆ: ಇದು ಅನ್ಯಾಯ. ಸಂಜೆ ಕಾರಿನಲ್ಲಿ ಮನೆಗೆ ಮರಳಬಹುದಾದ ದೂರದಲ್ಲಿ ಎದುರಾಳಿ ಇರಬೇಕು, ಸೋಮವಾರ ಕಚೇರಿಯಲ್ಲಿ ಅವರ ಮುಖ ನೋಡಬೇಕಾಗಿ ಬರಬೇಕು.

ನಿಮ್ಮ ಮಕ್ಕಳನ್ನು ಫುಟ್‌ಬಾಲ್ ಆಡಲು ಬಿಟ್ಟಿರೇ?

ಮಗಳು ಹಾಕಿ ಆಡುತ್ತಾಳೆ. ಮಗ ಫುಟ್‌ಬಾಲ್ ಆಡುತ್ತೇನೆಂದಾಗ ಬೇಡವೆಂದೆ. 2017ರಲ್ಲಿ ಪ್ರಕಟವಾದ ಬಾಸ್ಟನ್ ಅಧ್ಯಯನದಲ್ಲಿ ಪರೀಕ್ಷಿಸಿದ, ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ 111 ಆಟಗಾರರ ಮಿದುಳುಗಳಲ್ಲಿ 110ರಲ್ಲಿ ಸಿಟಿಇ ಇತ್ತು. ಕಾಲೇಜುವರೆಗೆ ಮಾತ್ರ ಆಡಿದ 53 ಜನರಲ್ಲಿ 48 ಮಂದಿಗೆ. ಅನುಮಾನವಿದ್ದ ಕುಟುಂಬಗಳೇ ಹೆಚ್ಚಾಗಿ ಮಿದುಳು ದಾನ ಮಾಡಿದ್ದರಿಂದ ಎಲ್ಲ ಆಟಗಾರರಿಗೂ ಈ ಲೆಕ್ಕ ಹೊಂದುವುದಿಲ್ಲ, ನಿಜ. ಆದರೂ ತಂದೆಗೆ ಅಷ್ಟು ಸಾಕು. ಬೇರೆಯವರ ಮಕ್ಕಳು ಆಡುವುದನ್ನು ನೋಡುತ್ತೀಯಲ್ಲ ಎಂದು ಮಗ ಕೇಳಿದ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ಭಾರತೀಯರು ಯಾರಾದರೂ ಈ ಹಾಕಿಯಲ್ಲಿದ್ದಾರೆಯೇ?

ಭಾರತ ಮೂಲದವರು ಇದ್ದಾರೆ. ಮ್ಯಾನಿ ಮಲ್ಹೋತ್ರಾ ಎನ್‌ಎಚ್‌ಎಲ್‌ನಲ್ಲಿ ದೀರ್ಘಕಾಲ ಆಡಿದರು. ಕೆನಡಾದಲ್ಲಿ 2008ರಿಂದ ಪಂಜಾಬಿಯಲ್ಲೇ ವೀಕ್ಷಕ ವಿವರಣೆ ಬರುತ್ತಿದೆ. ಒಂದು ಪಂದ್ಯವನ್ನಾದರೂ ಕನ್ನಡದಲ್ಲಿ ಕೇಳುವ ಆಸೆ ನನ್ನದು.

ರಾಜ್ಯೋತ್ಸವ ಶನಿವಾರ ಬಂದರೆ?

ರಾಜ್ಯೋತ್ಸವಕ್ಕೆ ಹೋಗುತ್ತೇನೆ. ಪಂದ್ಯವನ್ನು ರೆಕಾರ್ಡ್ ಮಾಡಿಡುತ್ತೇನೆ. ಕಾರ್ಯಕ್ರಮದಲ್ಲಿ ಸ್ಕೋರ್ ಹೇಳಬೇಡಿ ಎಂದು ಎಲ್ಲರಲ್ಲೂ ಕೇಳಿಕೊಂಡಿದ್ದೇನೆ.

ಮೊದಲ ಸಲ ನೋಡಲು ಎಲ್ಲಿಗೆ ಹೋಗಲಿ, ಏನು ಹಾಕಿಕೊಳ್ಳಲಿ?

ಹಾಕಿಗೆ ಆನ್ ಆರ್ಬರ್‌ನ ಯೋಸ್ಟ್ ಐಸ್ ಅರೀನಾಗೆ ಹೋಗಿ. 1923ರ ಇಟ್ಟಿಗೆ ಕಟ್ಟಡ, ವಿದ್ಯಾರ್ಥಿಗಳ ಗದ್ದಲ, ಎನ್‌ಎಚ್‌ಎಲ್‌ಗಿಂತ ಅಗ್ಗದ ಟಿಕೆಟ್. ಫುಟ್‌ಬಾಲ್‌ಗೆ ಸೆಪ್ಟೆಂಬರಿನ ಯಾವುದಾದರೂ ಸಣ್ಣ ಪಂದ್ಯ. ಬಿಸಿಲಿರುತ್ತದೆ, ಮಕ್ಕಳನ್ನೂ ಕರೆದುಕೊಂಡು ಹೋಗಬಹುದು.

ನವೆಂಬರಿನಿಂದ ಆಚೆಗಾದರೆ ಉಡುಪಿನ ಬಗ್ಗೆ ನನ್ನ ಮಾತು ಕೇಳಿ. 2014ರ ಹೊಸ ವರ್ಷದ ದಿನ ರೆಡ್ ವಿಂಗ್ಸ್ ಮತ್ತು ಟೊರೊಂಟೊ ಇದೇ ಫುಟ್‌ಬಾಲ್ ಕ್ರೀಡಾಂಗಣದ ನಡುವೆ, ಬಯಲಿನಲ್ಲಿ ಆಡಿದವು. 1,05,491 ಜನ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ, ಬಿಡದೆ ಸುರಿವ ಹಿಮ. ಪಕ್ ಕಾಣಲೆಂದು ಆಟ ನಿಂತಾಗಲೆಲ್ಲ ಸಲಿಕೆ ಹಿಡಿದವರು ಹಿಮ ಬಳಿಯುತ್ತಿದ್ದರು. ನನ್ನ ಎರಡು ಪ್ರೀತಿಗಳೂ ಒಂದೇ ಅಂಗಳದಲ್ಲಿ, ಶೂಟೌಟ್‌ನಲ್ಲಿ ಸೋತದ್ದೂ ಲೆಕ್ಕಕ್ಕೆ ಬರಲಿಲ್ಲ. ಆದರೆ ಜೀನ್ಸ್ ಹಾಕಿಕೊಂಡು ಹೋಗಿದ್ದೆ. ಮೂರನೆಯ ಅವಧಿಯ ಹೊತ್ತಿಗೆ ಮೊಣಕಾಲಿನ ಕೆಳಗೆ ಏನೂ ಗೊತ್ತಾಗುತ್ತಿರಲಿಲ್ಲ. ಒಳಗೆ ಉಣ್ಣೆಯದು, ಮೇಲೆ ಗಾಳಿ ತಡೆಯುವ ಪ್ಯಾಂಟ್, ಎರಡು ಜೊತೆ ಕಾಲುಚೀಲ. ಕೂರುವ ಬೆಂಚು ಲೋಹದ್ದು, ಒಂದು ರಟ್ಟಿನ ತುಂಡು ಒಯ್ದು ಪಾದದ ಕೆಳಗೆ ಹಾಕಿಕೊಳ್ಳಿ. ಚಳಿ ನೆಲದಿಂದಲೇ ಮೊದಲು ಏರುತ್ತದೆ.